ಅಟ್ಟಕ್ಕೆ ಮೂಟೆ ಏರಿಸುವ ಮೋಟಾರು: ಆಯ್ಕೆ ಮತ್ತು ಹತೋಟಿ

ಅಡಿಕೆ, ಕಾಫಿ ಮೂಟೆಗಳನ್ನು ನೆಲದ ತೇವದಿಂದ ಕಾಪಾಡಲು ಅಟ್ಟಕ್ಕೆ ಏರಿಸುವುದುಂಟು. ಹೊರಲು ಆಳು ಸಿಗದಾಗ ಮೋಟಾರಿನ ರಾಟೆ ಅನುಕೂಲವೇ ಸರಿ. ಆದರೆ ಕೊಳ್ಳುವ ಮುನ್ನ ಸದಸ್ಯರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮೂಟೆ ಅರ್ಧ ದಾರಿಯಲ್ಲಿರುವಾಗ ಕರೆಂಟು ಹೋದರೆ ಏನಾಗುತ್ತದೆ?

ಮೊದಲು ಶಕ್ತಿಯ ಲೆಕ್ಕ. ಕಿಲೋಗಳಲ್ಲಿ ಭಾರವನ್ನು, ಅದು ನಿಮಿಷಕ್ಕೆ ಏರುವ ಮೀಟರುಗಳಿಂದ ಗುಣಿಸಿ 4500ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಕೊಕ್ಕೆ, ಹಗ್ಗ ಸೇರಿ ಭಾರ 200 ಕಿಲೋ, ವೇಗ 9 ಮೀಟರ್ ಎಂದಿರಲಿ. ಆಗ 0.4 ಅಶ್ವಶಕ್ತಿ. 1440 ಸುತ್ತಿನ ಮೋಟಾರಿಗೆ 20 ಸೆಂಟಿಮೀಟರ್ ವ್ಯಾಸದ ಉರುಳೆ ಜೋಡಿಸಿ ಈ ವೇಗ ಪಡೆಯಲು ಸುತ್ತನ್ನು ನೂರರಲ್ಲೊಂದು ಪಾಲಿಗೆ ಇಳಿಸುವ ಗೇರು ಬೇಕು. ಅಂಥ ವರ್ಮ್ ಗೇರಿನಲ್ಲಿ ಸುಮಾರು ಅರ್ಧ ಶಕ್ತಿ ನಷ್ಟವಾಗುವುದರಿಂದ ಬೇಕಾದದ್ದು 0.8, ಕೊಳ್ಳಬೇಕಾದದ್ದು 1 ಅಶ್ವಶಕ್ತಿಯ ಮೋಟಾರು.

ವೋಲ್ಟೇಜು ಇಳಿಯುವ ಊರುಗಳಲ್ಲಿ ಇನ್ನೊಂದು ಎಚ್ಚರ. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಮೋಟಾರಿನ ತಿರುಗುಬಲ 64ಕ್ಕೆ ಕುಸಿಯುತ್ತದೆ. ಆಗ ಭಾರ ಏರದೆ ಸುರುಳಿ ಸುಡಬಹುದು. ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಹೊಂದಿಸಿದ ಓವರ್‌ಲೋಡ್ ರಿಲೇ ಇರಲೇಬೇಕು.

ಮೂರು ಫೇಸ್ ಇದ್ದರೆ ಅದೇ ಉತ್ತಮ. ಯಾವುದಾದರೂ ಎರಡು ತಂತಿ ಅದಲುಬದಲಾದರೆ ಮೋಟಾರು ಹಿಂದಕ್ಕೆ ತಿರುಗುತ್ತದೆ. ಏರಿಸಲೊಂದು, ಇಳಿಸಲೊಂದು ಕಾಂಟ್ಯಾಕ್ಟರ್ ಹಾಕಿ, ಎರಡೂ ಒಟ್ಟಿಗೆ ಕೂಡದಂತೆ ಇಂಟರ್‌ಲಾಕ್ ಮಾಡಿಸಬೇಕು. ಇಲ್ಲವಾದರೆ ಶಾರ್ಟ್ ಆಗುತ್ತದೆ. ಕೆಪಾಸಿಟರ್ ಸ್ಟಾರ್ಟಿನ ಒಂಟಿ ಫೇಸ್ ಮೋಟಾರನ್ನು ಪೂರ್ತಿ ನಿಲ್ಲಿಸಿಯೇ ಹಿಂದಕ್ಕೆ ತಿರುಗಿಸಬೇಕು. ಓಡುತ್ತಿರುವಾಗ ಸ್ವಿಚ್ಚು ಬದಲಿಸಿದರೆ ಅದು ಮೊದಲಿನ ದಿಕ್ಕಿನಲ್ಲೇ ಓಡೀತು.

ಇನ್ನು ಮೊದಲ ಪ್ರಶ್ನೆಗೆ ಉತ್ತರ. ಕರೆಂಟು ಇರುವಾಗ ವಿದ್ಯುತ್ಕಾಂತದಿಂದ ಬಿಡಿಸಿಕೊಂಡು, ಹೋದೊಡನೆ ಸ್ಪ್ರಿಂಗಿನಿಂದ ಬಿಗಿಯುವ ಬ್ರೇಕು ಬೇಕು. ವರ್ಮ್ ಗೇರು ತಾನೇ ಹಿಡಿದು ನಿಲ್ಲಿಸುತ್ತದೆಂದು ನಂಬಬಾರದು. ಸವೆತ, ಎಣ್ಣೆ, ಅದುರಿಕೆಗಳಿಂದ ಅದು ಜಾರಬಹುದು. ಪಂಪಿನ ಹಳೆಯ ಮೋಟಾರನ್ನು ಬ್ರೇಕಿಲ್ಲದೆ ಹಾಗೆಯೇ ಜೋಡಿಸುವುದು ಅಪಾಯ. ಗುಂಡಿ ಒತ್ತಿರುವಷ್ಟು ಹೊತ್ತು ಮಾತ್ರ ಮೋಟಾರು ಓಡಬೇಕು, ಕೈ ಬಿಟ್ಟರೆ ನಿಲ್ಲಬೇಕು. ಕೊಕ್ಕೆ ಉರುಳೆಗೆ ಬಡಿಯುವ ಮುನ್ನ ನಿಲ್ಲಿಸುವ ಲಿಮಿಟ್ ಸ್ವಿಚ್ಚು ಮೇಲ್ಗಡೆ ಇರಲಿ.

ಪ್ರತಿ ಹಂಗಾಮಿನ ಮೊದಲ ದಿನ ಪೂರ್ಣ ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ ಮೈನ್ ಸ್ವಿಚ್ಚು ತೆಗೆಯಿರಿ. ಮೂಟೆ ಕದಲದೆ ನಿಂತರೆ ಮಾತ್ರ ಕೆಲಸ ಆರಂಭಿಸಿ. ನಿಂತರೂ ಅದರ ಕೆಳಗೆ ಯಾರೂ ಸುಳಿಯಬಾರದು. ಮೂಟೆಯೊಂದಿಗೆ ಆಳನ್ನು ಏರಿಸಲೇಬಾರದು.