ಪಟ್ಟೆ ಬೆಕ್ಕಿನ ಸ್ವಭಾವ: ಕೊಟ್ಟಿಗೆಯಲ್ಲಿ ಬೆಕ್ಕು ಸಾಕುವವರಿಗೆ ಕೆಲವು ತಿಳಿವಳಿಕೆಗಳು



ಹಸು, ಎಮ್ಮೆ, ಕರುಗಳ ಪಾಲನೆಯ ಬಗ್ಗೆ ಈ ಪುಟಗಳಲ್ಲಿ ನೀವು ಓದುತ್ತಲೇ ಇರುತ್ತೀರಿ. ಈ ಬಾರಿ ಕೊಟ್ಟಿಗೆಯ ಅಟ್ಟದ ಮೇಲೆ ಮಲಗಿದ್ದು, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೆಳಗಿಳಿದು ಬರುವ ಪ್ರಾಣಿಯ ವಿಷಯ ತಿಳಿಯೋಣ. ಹಿಂಡಿ, ಬೂಸಾ, ಪಶು ಆಹಾರದ ಚೀಲ ಇರುವ ಮನೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಇಲಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಅದರ ಮೂತ್ರದಿಂದ ಹರಡುವ ಇಲಿಜ್ವರ ಮನುಷ್ಯರಿಗೂ ದನಗಳಿಗೂ ತಗಲಬಲ್ಲದು. ಹೀಗಾಗಿ ಹಾಲು ಉತ್ಪಾದಕರ ಮನೆಯಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಬೂದು ಅಥವಾ ಕಂದು ಮೈಮೇಲೆ ಕಪ್ಪು ಗೆರೆಗಳಿರುವ ಪಟ್ಟೆ ಬೆಕ್ಕು. ಹಣೆಯ ಮೇಲೆ ಇಂಗ್ಲಿಷಿನ ‘ಎಮ್’ ಅಕ್ಷರದಂಥ ಗುರುತು, ಬಾಲದಲ್ಲಿ ಬಳೆ ತೊಡಿಸಿದಂಥ ಉಂಗುರಗಳು ಇದರ ಲಕ್ಷಣ. ಇಂಗ್ಲಿಷಿನಲ್ಲಿ ಇದನ್ನು ‘ಟ್ಯಾಬಿ’ ಎನ್ನುತ್ತಾರೆ. ಬಾಗ್ದಾದ್ ನಗರದ ಒಂದು ಕೇರಿಯಲ್ಲಿ ನೇಯುತ್ತಿದ್ದ ಗೆರೆಗೆರೆ ರೇಷ್ಮೆ ಬಟ್ಟೆಯ ಹೆಸರು ಬೆಕ್ಕಿಗೆ ಅಂಟಿಕೊಂಡಿತು. ಒಂದು ಮುಖ್ಯ ವಿಷಯವನ್ನು ಗಮನಿಸಿ: ಹಳ್ಳಿಕಾರ್, ಅಮೃತಮಹಲ್ ಇದ್ದಂತೆ ಪಟ್ಟೆ ಬೆಕ್ಕು ಒಂದು ತಳಿಯಲ್ಲ. ಅದು ಮೈಬಣ್ಣದ ಒಂದು ಮಾದರಿ ಮಾತ್ರ. ಸಾಕು ಬೆಕ್ಕಿನ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಆ ಮೂಲ ಬೆಕ್ಕಿಗೂ ಇದೇ ತೆಳು ಪಟ್ಟೆಗಳಿವೆ. ಜನ ಧಾನ್ಯ ಬೆಳೆದು ಕೂಡಿಡಲು ಆರಂಭಿಸಿದಾಗ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅಂದರೆ ನಿಮ್ಮ ಬೂಸಾ ಕೋಣೆಯಲ್ಲಿ ನಡೆಯುತ್ತಿರುವುದು ಸಾವಿರಾರು ವರ್ಷಗಳ ಹಳೆಯ ವ್ಯವಹಾರ.

ಪಟ್ಟೆ ಬೆಕ್ಕು ಹುಲಿಯಂತೆ ಸಿಟ್ಟಿನದು, ಕೆಂಚು ಬೆಕ್ಕು ಸಾಧು ಎಂಬ ಮಾತುಂಟು. ಇದನ್ನು ನಂಬಿ ಮರಿ ಆರಿಸಬೇಡಿ. ಬಣ್ಣ ನೋಡಿ ಸ್ವಭಾವ ಹೇಳಲಾಗದು. ಕೆಂಚು ಬೆಕ್ಕುಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಪಟ್ಟೆಯವೇ. ಅವುಗಳಲ್ಲಿ ಗಂಡೇ ಹೆಚ್ಚು. ಕೆಂಚು ಬಣ್ಣದ ವಂಶವಾಹಿ ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತುವಿನ ಮೇಲಿರುವುದೇ ಇದಕ್ಕೆ ಕಾರಣ. ಆ ವಂಶವಾಹಿಯನ್ನು ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಗುರುತಿಸಿದ ವಿವರ 2025ರಲ್ಲಿ ಪ್ರಕಟವಾಯಿತು.

ಹಾಗಾದರೆ ಸ್ವಭಾವ ಎಲ್ಲಿಂದ ಬರುತ್ತದೆ? ಸ್ವಲ್ಪ ಭಾಗ ತಂದೆ ತಾಯಿಯಿಂದ. ಸಾಧು ಗಂಡುಬೆಕ್ಕಿಗೆ ಹುಟ್ಟಿದ ಮರಿ, ತಂದೆಯ ಮುಖವನ್ನೇ ನೋಡದಿದ್ದರೂ, ಧೈರ್ಯವಾಗಿ ಜನರ ಬಳಿ ಬರುತ್ತದೆ. ಉಳಿದ ದೊಡ್ಡ ಭಾಗ ತೀರ್ಮಾನವಾಗುವುದು ಮರಿಯ ಎರಡನೆಯ ವಾರದಿಂದ ಏಳನೆಯ ವಾರದೊಳಗೆ. ಈ ಅವಧಿಯಲ್ಲಿ ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವಮಾನವೆಲ್ಲ ಮನುಷ್ಯರನ್ನು ನಂಬುತ್ತದೆ. ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ತಾಯಿ ಹುಲ್ಲಿನ ಅಟ್ಟದಲ್ಲೋ ಮೆದೆಯ ಸಂದಿಯಲ್ಲೋ ಮರಿ ಹಾಕುತ್ತದೆ. ಯಾರೂ ಅತ್ತ ಹೋಗುವುದಿಲ್ಲ. ಮೂರು ತಿಂಗಳಾದ ಮೇಲೆ ಚೀಲ ಬೀಸಿ ಮರಿ ಹಿಡಿದು ನೆಂಟರಿಗೆ ಕೊಡುತ್ತೇವೆ. ಅದು ಕಚ್ಚುತ್ತದೆ, ಪರಚುತ್ತದೆ, ಓಡಿಹೋಗುತ್ತದೆ. ಆಮೇಲೆ ‘ಪಟ್ಟೆ ಬೆಕ್ಕಿನ ಬುದ್ಧಿಯೇ ಅಷ್ಟು’ ಎನ್ನುತ್ತೇವೆ. ಬುದ್ಧಿ ಪಟ್ಟೆಯದಲ್ಲ, ಅಟ್ಟದ್ದು.

ಆದ್ದರಿಂದ ಬೆಕ್ಕು ಗಬ್ಬವಾಗಿರುವುದು ತಿಳಿದ ಕೂಡಲೇ (ಗರ್ಭಾವಧಿ ಸುಮಾರು 63ರಿಂದ 65 ದಿನ) ಜನ ಓಡಾಡುವ ಜಾಗದ ಹತ್ತಿರ, ಗಾಳಿ ಮಳೆ ಬೀಳದ ಮೂಲೆಯಲ್ಲಿ, ಹಳೆಯ ಬುಟ್ಟಿಗೆ ಗೋಣಿಚೀಲ ಹಾಸಿ ಇಡಿ. ಎರಡು ವಾರ ಕಳೆದ ಮೇಲೆ ಮರಿಗಳನ್ನು ದಿನವೂ ಅರ್ಧ ಗಂಟೆಯಷ್ಟು ಕಾಲ ಮೃದುವಾಗಿ ಕೈಯಲ್ಲಿ ಹಿಡಿದು ಆಡಿಸಿ. ಮನೆಯ ಎಲ್ಲರೂ ಒಬ್ಬರಾದ ಮೇಲೊಬ್ಬರು ಎತ್ತಿಕೊಂಡರೆ ಇನ್ನೂ ಒಳ್ಳೆಯದು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಇಲಿ ಹಿಡಿಯುವ ಕಸಬನ್ನು ಮರಿ ಕಲಿಯುವುದು ತಾಯಿ ಜೀವಂತ ಇಲಿ ತಂದು ಮುಂದೆ ಬಿಟ್ಟಾಗ. ಇಲಿ ಹಿಡಿಯುವ ತಾಯಿಯ ಮರಿಯನ್ನೇ ಕೇಳಿ ತರುವುದು ಜಾಣತನ.

ಕಬ್ಬು ಕಟಾವಿನಲ್ಲಿ ಗದ್ದೆಯೊಳಗೆ ಸಿಗುವ ಪಟ್ಟೆ ಮರಿಗಳನ್ನು ಮಾತ್ರ ಮನೆಗೆ ತರಬೇಡಿ. ಅವು ನಮ್ಮ ಕಾಡುಬೆಕ್ಕಿನ ಮರಿಗಳಿರಬಹುದು. ಹುಟ್ಟಿದಾಗ ಇರುವ ಪಟ್ಟೆಗಳು ಬೆಳೆದಂತೆ ಮಾಸುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವನ್ನು ಸಾಕುವುದು ಅಪರಾಧ. ಇದ್ದಲ್ಲೇ ಬಿಟ್ಟು ದೂರ ಸರಿದರೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

ಮಕ್ಕಳಿಗೆ ಬೆಕ್ಕಿನ ಭಾಷೆ ಕಲಿಸಿ. ಬಾಲ ನೆಟ್ಟಗೆ ಮೇಲೆತ್ತಿ ಬಂದರೆ ಸ್ನೇಹ. ಬಾಲ ಪಟಪಟನೆ ಬಡಿಯುತ್ತಿದ್ದರೆ, ಕಿವಿ ಹಿಂದಕ್ಕೆ ಮಲಗಿಸಿದರೆ ‘ಸಾಕು, ಬಿಡು’ ಎಂದರ್ಥ. ಹೊಟ್ಟೆ ಮೇಲೆ ಮಾಡಿ ಮಲಗಿತೆಂದು ಹೊಟ್ಟೆ ಮುಟ್ಟಿದರೆ ಪರಚುವುದುಂಟು. ಕೆನ್ನೆ, ಗಲ್ಲ ಸವರಿದರೆ ಸಂತೋಷ.

ಇನ್ನು ಹಾಲಿನ ವಿಷಯ. ದೊಡ್ಡ ಬೆಕ್ಕಿಗೆ ಹಾಲು ಅವಶ್ಯಕವೇ ಅಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಅಂಶ ಮಾಂಸ, ಮೀನಿನಿಂದಲೇ ಸಿಗಬೇಕು. ಅದಿಲ್ಲದಿದ್ದರೆ ಕಣ್ಣು ಮತ್ತು ಹೃದಯ ಕೆಡುತ್ತವೆ. ಬರೀ ಹಾಲು ಅನ್ನದ ಮೇಲೆ ಕಟ್ಟಿಹಾಕಿದ ಬೆಕ್ಕು ಬಡವಾಗುತ್ತದೆ. ಹಸಿದಿದ್ದರೆ ಚೆನ್ನಾಗಿ ಇಲಿ ಹಿಡಿಯುತ್ತದೆ ಎಂಬ ಎಣಿಕೆಯೂ ತಪ್ಪು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಹಸಿದ ಬೆಕ್ಕು ಮನೆ ಬಿಟ್ಟು ಅಲೆಯುತ್ತದೆ. ಸಂಜೆ ಬೂಸಾ ಕೋಣೆಯ ಹತ್ತಿರವೇ ಅದಕ್ಕೆ ಊಟ ಹಾಕಿ.

ಹಾಲಿಗೆ ಬಾಯಿ ಹಾಕಿತೆಂದು ಹೊಡೆಯುವುದು, ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದು ಇಂದಿಗೂ ಇದೆ. ತೆನಾಲಿ ರಾಮಕೃಷ್ಣನ ಕಥೆ ನಿಮಗೆ ಗೊತ್ತು: ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲು ಕಂಡರೆ ಓಡಿತಂತೆ. ಕಥೆಯಾದರೂ ಬೆಕ್ಕಿನ ನೆನಪಿನ ಮಟ್ಟಿಗೆ ನಿಜ. ಹೊಡೆದರೆ ಅದು ನೆನಪಿಡುವುದು ಹಾಲನ್ನಲ್ಲ, ನಿಮ್ಮನ್ನು. ಕರೆದ ಹಾಲನ್ನು ತಕ್ಷಣ ಮುಚ್ಚಳವಿರುವ ಕ್ಯಾನಿಗೆ ಸೋಸಿ ಹಾಕಿದರೆ ಜಗಳವೇ ಇಲ್ಲ.

ನಮ್ಮ ಕೊಟ್ಟಿಗೆಗಳಲ್ಲಿ ಬೆಕ್ಕಿಗೆ ದೊಡ್ಡ ಅಪಾಯ ಔಷಧಿಗಳಿಂದ. ಹಸುವಿನ ಉಣ್ಣೆಗೆ ಸಿಂಪಡಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಿಗಳು ದನಗಳಿಗೆ ಸರಿ, ಬೆಕ್ಕಿಗೆ ವಿಷ. ಅವನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಒದ್ದೆ ಹಸುವಿನ ಕಾಲಿಗೆ ಮೈಯುಜ್ಜಿ, ಆಮೇಲೆ ಮೈ ನೆಕ್ಕಿಕೊಂಡರೆ ಸಾಕು. ನಡುಕ, ಜೊಲ್ಲು, ಸೆಳೆತ ಕಾಣಿಸುತ್ತದೆ. ಔಷಧಿ ಸಿಂಪಡಿಸುವ ದಿನ ಹಸುವಿನ ಮೈ ಒಣಗುವವರೆಗೆ ಬೆಕ್ಕನ್ನು ಬೇರೆ ಕಡೆ ಕೂಡಿಹಾಕಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬೆಕ್ಕು ಸಾಕಿದವರು ಇಲಿಪಾಷಾಣ ಇಡಬೇಡಿ. ವಿಷ ತಿಂದು ತೂರಾಡುವ ಇಲಿಯನ್ನೇ ಬೆಕ್ಕು ಮೊದಲು ಹಿಡಿಯುವುದು.

ಬೆಕ್ಕಿನ ಮಲದಿಂದ, ಅದರಲ್ಲೂ ಎಳೆಯ ಬೆಕ್ಕಿನ ಮಲದಿಂದ, ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಹರಡಬಹುದು. ಇದರಿಂದ ಕುರಿ, ಮೇಕೆಗಳು ಕಂದು ಹಾಕುತ್ತವೆ. ದನಗಳಿಗೆ ಇದರ ಬಾಧೆ ಕಡಿಮೆ. ಪಶು ಆಹಾರವನ್ನು ಮುಚ್ಚಿಡಿ. ಬಸುರಿಯರು ಬೆಕ್ಕಿನ ಮಲ ಬಳಿಯಬಾರದು, ಮನೆಯಲ್ಲಿ ಯಾರೂ ಹಸಿ ಹಾಲು ಕುಡಿಯಬಾರದು.

ಮೂರು ತಿಂಗಳಾದ ಮರಿಗೆ ಹುಚ್ಚುರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಕೇಳಿ ಮಾಡಿಸಿ. ಅದಾದ ಗಂಡುಬೆಕ್ಕು ಊರೂರು ಅಲೆದು ಕಚ್ಚಾಡುವುದು ಕಡಿಮೆಯಾಗುತ್ತದೆ. ಸಾಧುವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಬಿದ್ದರೆ, ಕತ್ತಲೆಯಲ್ಲಿ ಅಡಗಿ ಜೊಲ್ಲು ಸುರಿಸಿದರೆ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಮೆತ್ತದೆ ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅಂಥ ಬೆಕ್ಕು ಹಸುವನ್ನು ಕಚ್ಚಿದ ಅನುಮಾನವಿದ್ದರೂ ಪಶುವೈದ್ಯರಿಗೆ ತಿಳಿಸಿ, ಅವರು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ.