ಕಿಂಗರ ಪ್ರಬಂಧಕ್ಕೆ ಲಗತ್ತಿಸಿದ ಪತ್ರ

ಹಿರಿಯರನ್ನು ಗೌರವಿಸುವ ಬಗೆ ನಮಗೆ ತಿಳಿದದ್ದೇ: ಪ್ರತಿಮೆ, ಹಾರ, ಭಾಷಣ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದವರೂ ತಮ್ಮ ಹಳೆಯ ವಿದ್ಯಾರ್ಥಿ ಮಾರ್ಟಿನ್ ಲೂಥರ್ ಕಿಂಗರ ನೆನಪಿಗೆ ೫೦ ಪಾರಿವಾಳಗಳು ಒಟ್ಟಿಗೆ ಹಾರುವಂಥ ಶಿಲ್ಪವೊಂದನ್ನು ನಿಲ್ಲಿಸಿದ್ದಾರೆ. ಆದರೆ ವಾಚಕರು ಗಮನಿಸಬೇಕಾದುದು ಅಲ್ಲಿಯ ಗ್ರಂಥಾಲಯದಲ್ಲಿದೆ.

ಕಿಂಗರು ಅಲ್ಲಿ ಡಾಕ್ಟರೇಟ್ ಪಡೆದದ್ದು ೧೯೫೫ರಲ್ಲಿ. ಅದೇ ಡಿಸೆಂಬರಿನಲ್ಲಿ ಮಾಂಟ್ಗೊಮೆರಿಯ ಬಸ್ ಬಹಿಷ್ಕಾರಕ್ಕೆ ಮುಂದಾಳಾದರು. ಬಿಳಿಯರಿಗಾಗಿ ಎದ್ದು ಸೀಟು ಬಿಡಬೇಕೆಂಬ ಕಟ್ಟಳೆಯನ್ನು ಒಪ್ಪದ ಕಪ್ಪು ಜನ ೩೮೧ ದಿನ ಬಸ್ಸು ಹತ್ತಲಿಲ್ಲ. ಎಷ್ಟೋ ಮಂದಿ ಕೆಲಸಕ್ಕೆ ನಡೆದೇ ಹೋದರು. ಒಂದು ದಿನ ಬಸ್ಸು ತಪ್ಪಿದರೆ ಗೊಣಗುವ ನಮಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ೧೯೬೪ರಲ್ಲಿ ಕಿಂಗರು ತಮ್ಮ ಕಾಗದಪತ್ರಗಳನ್ನು ಈ ವಿಶ್ವವಿದ್ಯಾಲಯದ ವಶಕ್ಕೆ ಕೊಟ್ಟರು.

೧೯೯೦ರಲ್ಲಿ ಮುಜುಗರದ ಸಂಗತಿಯೊಂದು ಹೊರಬಿತ್ತು. ಕಿಂಗರು ಡಾಕ್ಟರೇಟ್ ಪ್ರಬಂಧದ ಕೆಲವು ಭಾಗಗಳನ್ನು ಅನ್ಯರ ಬರಹದಿಂದ, ಅವರ ಹೆಸರು ಸರಿಯಾಗಿ ಹೇಳದೆ, ಎತ್ತಿಕೊಂಡಿದ್ದರು. ಕಂಡುಹಿಡಿದವರು ವೈರಿಗಳೇನಲ್ಲ, ಅವರ ಬರಹಗಳನ್ನು ಭಕ್ತಿಯಿಂದ ಸಂಪಾದಿಸುತ್ತಿದ್ದ ವಿದ್ವಾಂಸರು! ವಿಶ್ವವಿದ್ಯಾಲಯವು ವಿಚಾರಣೆಗೆ ಸಮಿತಿ ನೇಮಿಸಿತು. ತಪ್ಪು ನಡೆದದ್ದು ನಿಜವೆಂದು ೧೯೯೧ರಲ್ಲಿ ಸಮಿತಿ ಹೇಳಿತು. ಆದರೂ ಪ್ರಬಂಧಕ್ಕೆ ವಿದ್ವತ್ತಿನ ಬೆಲೆಯುಂಟು, ಪದವಿಯನ್ನು ಹಿಂತೆಗೆಯುವ ಮಾತಿಲ್ಲ ಎಂದಿತು.

ಮುಚ್ಚಿಡುವುದು ಸುಲಭವಿತ್ತು, ಪದವಿ ಕಿತ್ತು ಕೈತೊಳೆದುಕೊಳ್ಳುವುದೂ ಸುಲಭವೇ. ಎರಡನ್ನೂ ಮಾಡದೆ, ಓದುಗನ ವಿವೇಕವನ್ನು ನಂಬಿದ್ದು ಶಿಲ್ಪಕ್ಕಿಂತ ದೊಡ್ಡ ಮರ್ಯಾದೆಯೆಂದು ನನ್ನ ಎಣಿಕೆ. ಸಮಿತಿಯ ಸಲಹೆಯಂತೆ, ತಪ್ಪನ್ನು ತಿಳಿಸುವ ಪತ್ರವೊಂದನ್ನು ಗ್ರಂಥಾಲಯದ ಪ್ರತಿಗೆ ಲಗತ್ತಿಸಿ, ಪ್ರಬಂಧವನ್ನು ಅದರ ಜಾಗದಲ್ಲೇ ಇಟ್ಟರು.