ಉತ್ತರ ಕೊಡುವವರು ಯಾರು?

ಧಾರವಾಡ

ಪ್ರೀತಿಯ ತಂಗಿ,

ತಮ್ಮ ವಾರ್ಡಿನ ಜನರೆಲ್ಲ ಊರಿನ ಕೆಲಸದಲ್ಲಿ ಕೈಜೋಡಿಸುವಂಥ ಮೊಬೈಲ್ ಆ್ಯಪ್ ಮಾಡಬೇಕೆಂದು ಹೊರಟ ನಿನ್ನಂಥ ತರುಣರು ಈಗ ಎಲ್ಲ ಊರಲ್ಲೂ ಇದ್ದಾರೆ. ಅವರಿಗೂ ಮುಟ್ಟಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಆ್ಯಪ್‌ನ ನಕಾಶೆ ನೋಡಿದೆ. ರಸ್ತೆಗುಂಡಿಯ ಫೋಟೊ ಹಾಕಲು ಒಂದು ಪುಟ, ಓಣಿಯ ಸುದ್ದಿಗೆ ಒಂದು, ಚರ್ಚೆಗೆ ಇನ್ನೊಂದು, ಹೆಚ್ಚು ಭಾಗವಹಿಸಿದವರಿಗೆ ಅಂಕ, ಪದಕ. ಎಲ್ಲ ಅಚ್ಚುಕಟ್ಟಾಗಿದೆ. ಆದರೆ ಫೋಟೊ ಹಾಕಿದ ಮೇಲೆ ಅದನ್ನು ನೋಡಿ ಉತ್ತರ ಕೊಡುವವರು ಯಾರು ಎಂಬುದು ಎಲ್ಲೂ ಇಲ್ಲ. ನಾನು ಹೇಳುವುದೆಲ್ಲ ಆ ಖಾಲಿ ಜಾಗದ ಬಗ್ಗೆಯೇ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ನಡೆದ ಒಂದು ಪ್ರಯೋಗವನ್ನು ನೀನು ತಿಳಿದಿರಬೇಕು. 2010ರ ದಶಕದ ಆರಂಭದ ಮಾತು. ಇಲ್ಲಿ ನಳಕ್ಕೆ ನೀರು ಬರುತ್ತಿದ್ದುದು ಕೆಲವು ದಿನಗಳಿಗೊಮ್ಮೆ, ಅದೂ ಕೆಲವೇ ತಾಸು. ಇವತ್ತೋ ನಾಳೆಯೋ, ನಸುಕಿನಲ್ಲೋ ಸರಿರಾತ್ರಿಯಲ್ಲೋ ಎಂಬ ಖಾತ್ರಿ ಇರುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಒಬ್ಬರು ಕಾಯಲೇಬೇಕು. ಹಾಗೆ ಕಾಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಆಗ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಒಂದು ಸರಳ ದಾರಿ ಹುಡುಕಿತು. ಓಣಿ ಓಣಿಗೆ ನೀರು ಬಿಡುವ ವಾಲ್ವ್‌ಮನ್ ತನ್ನ ಕೆಲಸದ ಹೊತ್ತಿಗೆ ಒಂದು ಫೋನ್ ಮಾಡಿ ತಿಳಿಸಬೇಕು, ಆ ಭಾಗದ ಮನೆಗಳಿಗೆ ನೀರು ಬರುವ ಸುದ್ದಿ ಎಸ್‌ಎಂಎಸ್ ಮೂಲಕ ಮುಂಚೆಯೇ ಹೋಗಬೇಕು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಕೊಳವೆಗೆ ದುಬಾರಿ ಯಂತ್ರ ಕೂರಿಸಬೇಕಿರಲಿಲ್ಲ. ನಗರದ ನೀರಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದ ಮನುಷ್ಯ ವಾಲ್ವ್‌ಮನ್. ಆತನ ತಿಳಿವಳಿಕೆಗೆ ಬೆಲೆ ಕೊಟ್ಟು ಅದರ ಮೇಲೆಯೇ ವ್ಯವಸ್ಥೆ ಕಟ್ಟಿದ್ದು ನಿಜವಾದ ಜಾಣತನ.

ಮುಂದೆ ಈ ಸೇವೆ ಬೆಂಗಳೂರಿಗೂ ಹೋಯಿತು. ಅಲ್ಲಿ ಅದರ ಪರಿಣಾಮ ಏನಾಯಿತೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸಂಶೋಧಕರು ಕ್ಷೇತ್ರಾಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಕೆಲವು ಬಡ ಮನೆಗಳಲ್ಲಿ ಆತಂಕ ತುಸು ತಗ್ಗಿತ್ತು. ಆದರೆ ನೀರಿಗಾಗಿ ಕಾಯುವ ಹೊತ್ತು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಮಾಹಿತಿ ಸಿಕ್ಕರೆ ಜನ ಒಟ್ಟಾಗಿ ದನಿಯೆತ್ತುತ್ತಾರೆ ಎಂಬ ನಿರೀಕ್ಷೆಯೂ ಫಲಿಸಿರಲಿಲ್ಲ. ಸಂಶೋಧಕರು ಇದಕ್ಕೆ ಮುಖ್ಯವಾಗಿ ಎರಡು ಕಾರಣ ಕೊಟ್ಟರು. ವಾಲ್ವ್‌ಮನ್‌ಗಳಿಂದ ಸುದ್ದಿ ತಪ್ಪದೆ ಬರುತ್ತಿರಲಿಲ್ಲ. ಬಂದ ಸುದ್ದಿಯೂ ಎಷ್ಟೋ ಮನೆಗಳಲ್ಲಿ, ನೀರಿಗಾಗಿ ಕಾಯುತ್ತಿದ್ದ ಹೆಣ್ಣುಮಗಳ ಕೈಗೆ ಬರದೆ ಮನೆಯ ಇನ್ನೊಬ್ಬರ ಫೋನಿಗೆ ಹೋಗುತ್ತಿತ್ತು.

ಈ ಎರಡು ಕಾರಣಗಳನ್ನು ನೀನು ಮತ್ತೆ ಮತ್ತೆ ಓದಬೇಕು. ತಂತ್ರಾಂಶದಲ್ಲಿ ಕೊರತೆ ಇರಲಿಲ್ಲ. ಸುದ್ದಿ ಹೊರಡುವ ತುದಿಯಲ್ಲೂ ಮುಟ್ಟುವ ತುದಿಯಲ್ಲೂ ಇದ್ದದ್ದು ಮನುಷ್ಯರು. ಆ ಎರಡು ತುದಿ ಗಟ್ಟಿಯಾದರೆ ಮಾತ್ರ ನಡುವಿನ ಆ್ಯಪ್‌ಗೆ ಬೆಲೆ.

ಆದ್ದರಿಂದ ಕೋಡ್ ಬರೆಯಲು ಕೂರುವ ಮುಂಚೆ ನಿಮ್ಮ ವಾರ್ಡಿನ ವಾಲ್ವ್‌ಮನ್, ಲೈನ್‌ಮನ್, ಪೌರಕಾರ್ಮಿಕರು, ಕಿರಿಯ ಇಂಜಿನಿಯರ್ ಇವರ ಜೊತೆ ಅವರ ಕೆಲಸದ ಹೊತ್ತಿನಲ್ಲಿ ತಿರುಗಾಡು. ಈ ಆ್ಯಪ್ ಬಂದರೆ ನಿಮ್ಮ ಕೆಲಸ ಎಲ್ಲಿ ಹೆಚ್ಚುತ್ತದೆ, ಎಲ್ಲಿ ಹಗುರಾಗುತ್ತದೆ ಎಂದು ಕೇಳು. ಒಂದೇ ಗುಂಡಿಯ ನಲವತ್ತು ಫೋಟೊ ದಿನವೂ ಬಂದರೆ ಯಾವ ಇಂಜಿನಿಯರೂ ಮೂರನೆಯ ವಾರಕ್ಕೆ ಅದನ್ನು ತೆರೆದು ನೋಡುವುದಿಲ್ಲ. ಅದೇ ಜಾಗದ ಹಳೆಯ ದೂರು ಇದ್ದರೆ ಹೊಸಬರಿಗೆ ಮೊದಲು ಅದನ್ನೇ ತೋರಿಸು, ಅವರು ಅದಕ್ಕೆ ತಮ್ಮ ದನಿ ಸೇರಿಸಲಿ. ಕೆಲಸ ಮುಗಿಸಿದವರ ಹೆಸರು ಹೇಳಿ ಧನ್ಯವಾದ ತಿಳಿಸಲು ಒಂದು ಬಟನ್ ಒತ್ತುವ ಸೌಕರ್ಯವೂ ಇರಲಿ. ಬೈಗುಳ ಮಾತ್ರ ಬರುವ ಕಡೆಗೆ ಯಾರೂ ಮನಸ್ಸಿಟ್ಟು ನೋಡುವುದಿಲ್ಲ.

ಉತ್ತರ ಬರುವಂತೆ ಮಾಡಲು ಒಳ್ಳೆಯ ಮಾದರಿಗಳಿವೆ. ಬ್ರಿಟನ್ನಿನಲ್ಲಿ ಮೈಸೊಸೈಟಿ ಸಂಸ್ಥೆ 2007ರಲ್ಲಿ ಆರಂಭಿಸಿದ ಫಿಕ್ಸ್‌ಮೈಸ್ಟ್ರೀಟ್ ಎಂಬ ಜಾಲತಾಣ ನೋಡು. ದೂರು ಯಾವ ಸ್ಥಳೀಯ ಸಂಸ್ಥೆಗೆ ಹೋಗಬೇಕೆಂದು ನಾಗರಿಕ ತಲೆ ಕೆಡಿಸಿಕೊಳ್ಳಬೇಕಿಲ್ಲ, ನಕ್ಷೆಯಲ್ಲಿ ಜಾಗ ತೋರಿಸಿದರೆ ಸಾಕು. ಹಾಕಿದ ದೂರು ಎಲ್ಲರಿಗೂ ಕಾಣುತ್ತದೆ. ನಾಲ್ಕು ವಾರ ಕಳೆದ ಮೇಲೆ, ಕೆಲಸ ಆಯಿತೇ ಎಂದು ದೂರು ಕೊಟ್ಟವರನ್ನೇ ಕೇಳುತ್ತದೆ. ‘ಪರಿಹರಿಸಲಾಗಿದೆ’ ಎಂದು ಕಚೇರಿ ತಾನೇ ಬರೆದುಕೊಂಡು ಕಡತ ಮುಚ್ಚುವುದಕ್ಕೂ, ಬೀದಿದೀಪ ಹತ್ತಿತೇ ಎಂದು ಆ ಓಣಿಯವರನ್ನು ಕೇಳುವುದಕ್ಕೂ ಅಜಗಜಾಂತರ. ನಮ್ಮ ರಾಜ್ಯದ್ದೇ ಆದ 2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಅವಧಿ ಗೊತ್ತುಮಾಡಿತು. ಅರ್ಜಿಗೆ ಸಂಖ್ಯೆ, ಉತ್ತರಕ್ಕೆ ಗಡುವು, ಗಡುವು ಮೀರಿದರೆ ಮೇಲ್ಮನವಿ. ನಿನ್ನ ಆ್ಯಪ್‌ನಲ್ಲೂ ಪ್ರತಿ ದೂರಿನ ಎದುರು ಜವಾಬ್ದಾರಿ ಹೊತ್ತವರ ಹುದ್ದೆಯೂ ಉತ್ತರದ ತಾರೀಖೂ ಕಾಣಲಿ. ‘ಆಗುವುದಿಲ್ಲ, ಈ ವರ್ಷ ಹಣವಿಲ್ಲ’ ಎಂಬುದೂ ಉತ್ತರವೇ. ಜನ ನೇರವಾದ ಇಲ್ಲವನ್ನು ತಾಳಿಕೊಳ್ಳುತ್ತಾರೆ. ಅವರನ್ನು ಸೋಲಿಸುವುದು ಮೌನ.

ಇನ್ನು ಇನ್ನೊಂದು ತುದಿ, ಮಾತಾಡಬೇಕಾದವರು. ಕನ್ನಡ ಟೈಪ್ ಮಾಡಲು ಬಾರದ ಅಜ್ಜಿಗೆ, ಓದಲು ಬಾರದ ಕೂಲಿಯವರಿಗೆ ನಿನ್ನ ಪುಟಗಳು ಮುಚ್ಚಿದ ಬಾಗಿಲು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ, ಪ್ರಸಾರದ ಪರವಾನಗಿ ಸಿಗದ ಕಾಲದಲ್ಲೇ, ಕೇಬಲ್ಲಿನ ಮೂಲಕ ಮನೆಮನೆಗೆ ಹಳ್ಳಿಯವರ ದನಿ ಮುಟ್ಟಿಸಿತ್ತು. ಮಧ್ಯ ಭಾರತದ ಆದಿವಾಸಿ ಪ್ರದೇಶದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ, ಸಾದಾ ಫೋನಿನಿಂದ ಕರೆ ಮಾಡಿ ತಮ್ಮ ಊರಿನ ಕಷ್ಟವನ್ನು ಬಾಯಲ್ಲೇ ಹೇಳುವ, ಬೇರೆಯವರದನ್ನು ಕೇಳುವ ದಾರಿ ಮಾಡಿತು. ನೀನೂ ಮಾತಿನಿಂದಲೇ ಶುರು ಮಾಡು. ಒತ್ತಿ ಹಿಡಿದು ಹೇಳಿದರೆ ದೂರು ದಾಖಲಾಗಬೇಕು, ಉತ್ತರವೂ ದನಿಯಲ್ಲೇ ಮರಳಬೇಕು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಂದು ಕರೆ ಸಂಖ್ಯೆ ಇರಲಿ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಒಬ್ಬರು ಎಲ್ಲರ ಪರವಾಗಿ ದೂರು ದಾಖಲಿಸಲು ಸಾಧ್ಯವಾಗಲಿ. ಮನೆಗೊಂದೇ ಫೋನ್ ಇರುವಲ್ಲಿ ಹೆಣ್ಣುಮಕ್ಕಳನ್ನು ಮುಟ್ಟುವ ದಾರಿ ಅದು.

ದೂರು ಕೊಟ್ಟವರ ಹೆಸರು, ಫೋನ್ ನಂಬರು ಎಂದಿಗೂ ಹೊರಗೆ ಕಾಣಬಾರದು. ಸಾರಾಯಿ ಅಂಗಡಿಯ ಮೇಲೋ ಒತ್ತುವರಿಯ ಮೇಲೋ ದೂರು ಕೊಟ್ಟವಳು ಮರುದಿನ ಅದೇ ಓಣಿಯಲ್ಲಿ ನಡೆದಾಡಬೇಕು.

ಚರ್ಚೆಯ ಪುಟದ ಬಗ್ಗೆ ನನಗೆ ಹೆಚ್ಚು ಭಯ. ನೆರೆಹೊರೆಯವರಿಗಾಗಿಯೇ ಇರುವ ಅಮೆರಿಕದ ಜಾಲತಾಣ ನೆಕ್ಸ್ಟ್‌ಡೋರ್‌ನಲ್ಲಿ, ಕಪ್ಪು ಮೈಬಣ್ಣದವರನ್ನು ಕಂಡರೆ ಸಾಕು ‘ಅನುಮಾನಾಸ್ಪದ ವ್ಯಕ್ತಿ’ ಎಂದು ಬರೆಯುವುದು ಹೆಚ್ಚಾಗಿ, ಓಕ್ಲಂಡ್ ನಗರದ ನಿವಾಸಿಗಳು ಪ್ರತಿಭಟಿಸಿದರು. 2016ರಲ್ಲಿ ಸಂಸ್ಥೆ ತನ್ನ ನಮೂನೆಯನ್ನೇ ಬದಲಿಸಿತು. ಮೈಬಣ್ಣ ಬರೆದರೆ ಸಾಲದು, ಆ ವ್ಯಕ್ತಿ ಮಾಡಿದ್ದೇನು, ಉಡುಪೇನು ಎಂಬ ವಿವರವನ್ನೂ ಕೊಡಲೇಬೇಕಾಯಿತು. ಅಲ್ಲಿ ಮೈಬಣ್ಣವಾದದ್ದು ಇಲ್ಲಿ ಜಾತಿ, ಧರ್ಮ, ವಲಸೆ ಬಂದವರ ಭಾಷೆ ಆಗುತ್ತದೆ. ತೈವಾನ್‌ನಲ್ಲಿ ಸಾರ್ವಜನಿಕ ಚರ್ಚೆಗೆ ಬಳಸಿದ ಪೋಲಿಸ್ (Polis) ಎಂಬ ತಂತ್ರಾಂಶದಲ್ಲಿ ಇನ್ನೊಬ್ಬರ ಮಾತಿಗೆ ಮಾರುತ್ತರ ಬರೆಯುವ ಅವಕಾಶವೇ ಇಲ್ಲ. ಒಪ್ಪಿಗೆ, ಒಪ್ಪಿಗೆಯಿಲ್ಲ, ಮುಂದೆ ಸಾಗು, ಇಷ್ಟೇ. ಬೇಕಾದರೆ ನಿನ್ನದೇ ಹೇಳಿಕೆ ಸೇರಿಸಬಹುದು. ಜಗಳಕ್ಕೆ ಜಾಗ ಸಿಗದೆ, ಬೇರೆ ಬೇರೆ ಗುಂಪುಗಳು ಎಲ್ಲಿ ಒಂದಾಗುತ್ತವೆ ಎಂಬುದು ಎದ್ದು ಕಾಣುತ್ತದೆ. ಉಳಿದ ವಾಗ್ವಾದ ಎದುರುಬದುರು ಕೂತು ನಡೆಯಲಿ.

ಎದುರುಬದುರು ಕೂರುವ ಜಾಗವನ್ನು ನಮ್ಮ ಸಂವಿಧಾನವೇ ಕೊಟ್ಟಿದೆ. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 74ನೇ ತಿದ್ದುಪಡಿಯಿಂದ ಬಂದ 243-ಎಸ್ ವಿಧಿ ಹೇಳುತ್ತದೆ. ಹಳ್ಳಿಗಳಿಗೆ ಗ್ರಾಮಸಭೆ ಇದೆ. ದುಡ್ಡು ಯಾವ ಚರಂಡಿಗೆ, ಯಾವ ದೀಪಕ್ಕೆ ಎಂದು ಊರಿನವರು ಹಕ್ಕಿನಿಂದ ಕೇಳಬಹುದಾದ ಜಾಗಗಳಿವು. ಬರೀ ದೂರು ಹಾಕುತ್ತಾ ಹೋದರೆ ನಾಗರಿಕ ಗಿರಾಕಿಯಾಗುತ್ತಾನೆ. ಸಭೆಗೆ ಬಂದು ಕೇಳಿದಾಗ ಊರಿನ ಯಜಮಾನಿಕೆಯಲ್ಲಿ ಪಾಲುದಾರನಾಗುತ್ತಾನೆ. ಹಾಗಾಗಿ ಆ್ಯಪ್‌ನ ಮೊದಲ ಪುಟದಲ್ಲಿ ಮುಂದಿನ ಸಭೆ ಯಾವಾಗ, ಎಲ್ಲಿ, ಯಾವ ವಿಷಯ ಎಂಬುದಿರಲಿ. ನಮ್ಮ ಓಣಿಯ ಯಾವ ದೂರುಗಳಿಗೆ ಉತ್ತರ ಬಂದಿಲ್ಲ ಎಂಬ ಪಟ್ಟಿ ಮುದ್ರಿಸಿ ಒಯ್ಯುವಂತೆ ಸಿಗಲಿ. ಸಭೆ ಮುಗಿದ ಮೇಲೆ ಏನು ನಿರ್ಧಾರವಾಯಿತೆಂದು ಎರಡು ನಿಮಿಷದ ದನಿಯಲ್ಲಿ ಎಲ್ಲರಿಗೂ ಹೋಗಲಿ. ಅಂಕ, ಪದಕಗಳನ್ನು ತೆಗೆದುಹಾಕು. ಊರಿನ ಕೆಲಸಕ್ಕೆ ಬಂದವರು ಕೆಲಸ ಆದದ್ದನ್ನು ನೋಡಿ ಮತ್ತೆ ಬರುತ್ತಾರೆ.

ಒಂದೇ ವಾರ್ಡು, ಒಂದೇ ವಿಷಯ ಹಿಡಿ. ಬೀದಿದೀಪ ಆಗಬಹುದು. ಕೆಟ್ಟಿದೆಯೋ ಸರಿಯಾಗಿದೆಯೋ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ರಿಪೇರಿ ಬೇಗ ಆಗುತ್ತದೆ, ಹೆಣ್ಣುಮಕ್ಕಳ ಓಡಾಟಕ್ಕೆ ನೇರವಾಗಿ ಒದಗುತ್ತದೆ. ನಾಳೆ ನಿನಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೂ ಇದು ನಿಲ್ಲಬಾರದು. ಫಿಕ್ಸ್‌ಮೈಸ್ಟ್ರೀಟ್‌ನ ಕೋಡ್ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ, ಬಾರ್ಸಿಲೋನಾ ನಗರದಲ್ಲಿ ಹುಟ್ಟಿದ ಡೆಸಿಡಿಮ್ ಎಂಬ ತಂತ್ರಾಂಶ ಕೂಡ ಹಾಗೆಯೇ. ಎಲ್ಲವನ್ನೂ ಮೊದಲಿನಿಂದ ಬರೆಯುವ ಹಟ ಬೇಡ. ಉಳಿದ ಸಮಯವನ್ನು, ನಿನ್ನ ನಂತರ ಇದನ್ನು ನಡೆಸಬಲ್ಲ ನಾಲ್ಕು ಜನರನ್ನು ಆ ವಾರ್ಡಿನಲ್ಲೇ ತಯಾರು ಮಾಡಲು ಕೊಡು.

ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬ ಲೆಕ್ಕವನ್ನು ನನಗೆ ಕಳಿಸಬೇಡ. ಆರು ತಿಂಗಳಾದ ಮೇಲೆ, ಎಷ್ಟು ದೂರಿಗೆ ಉತ್ತರ ಬಂತು, ಎಷ್ಟು ಹೆಣ್ಣುಮಕ್ಕಳು ಮೊದಲ ಬಾರಿ ವಾರ್ಡ್ ಸಭೆಗೆ ಬಂದು ಎದ್ದು ನಿಂತು ಕೇಳಿದರು ಎಂದು ಬರೆ. ಆ ಸಂಖ್ಯೆ ಹತ್ತೇ ಇದ್ದರೂ ನಿನ್ನ ಕೆಲಸ ಬೇರು ಬಿಟ್ಟಿದೆ ಎಂದು ನಾನು ನಂಬುತ್ತೇನೆ.

ಇಂತಿ,
ನಿನ್ನ ಹಿತೈಷಿ